ಒಂದರಿಂದ ಐದರವರೆಗೆ

ಹನ್ನೊಂದನೆಯ ಇಂಟರ್‌ವ್ಯೂನಲ್ಲೂ 'ತಿಳಿಸ್ತೀವಿ' ಎಂದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಮೊದಲನೆಯದಕ್ಕೆ ಅತ್ತಿದ್ದಳು. ನಾಲ್ಕನೆಯದಕ್ಕೆ ಊಟ ಬಿಟ್ಟಿದ್ದಳು. ಏಳನೆಯದು ಮುಗಿಸಿ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ, ಏನೂ ತಪ್ಪು ಮಾಡದ ಹೆಂಗಸೊಬ್ಬಳ ಮೇಲೆ ರೇಗಿದ್ದಳು. ಹನ್ನೊಂದನೆಯದಕ್ಕೆ ಸುಮ್ಮನೆ ಫೈಲು ಮುಚ್ಚಿ, 'ಥ್ಯಾಂಕ್ಯೂ ಸರ್' ಎಂದು ಕುರ್ಚಿಯನ್ನು ಮೇಜಿನಡಿಗೆ ತಳ್ಳಿ ಎದ್ದು ಬಂದಳು. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಮನಸ್ಸು ಜೋಮು ಹಿಡಿದಿತ್ತು. ಸದ್ಯ, ನೋವಿಲ್ಲವಲ್ಲ ಅಂತ ಸಮಾಧಾನಪಡುವುದಕ್ಕೂ ಅವಳಲ್ಲಿ ಶಕ್ತಿ ಇರಲಿಲ್ಲ.

ಮಾರ್ಕೆಟಿಂಗ್ ಎಂಬಿಎ ಕೊನೆಯ ಸೆಮಿಸ್ಟರಿನಲ್ಲಿ ಪಾಠ ಕಡಿಮೆ, ಪ್ರಾಜೆಕ್ಟ್ ಜಾಸ್ತಿ. ಯಾವುದಾದರೂ ಕಂಪನಿಯ ಕೈಕಾಲು ಹಿಡಿದು ಒಂದು ವಿಷಯ ತರಬೇಕು, ಜನರ ಹತ್ತಿರ ಹೋಗಿ ಪ್ರಶ್ನೆ ಕೇಳಬೇಕು, ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿ ಬಣ್ಣಬಣ್ಣದ ಚಿತ್ರ ಬರಿಸಬೇಕು, ಕಡೆಗೆ ಕಪ್ಪು ರಟ್ಟು ಹಾಕಿಸಿ ಚಿನ್ನದ ಅಕ್ಷರದಲ್ಲಿ ಹೆಸರು ಹೊಡೆಸಬೇಕು. ಒಳಗೆ ಏನಿದೆಯೆಂದು ಯಾವನೂ ಓದುವುದಿಲ್ಲ, ರಟ್ಟನ್ನು ಮಾತ್ರ ಎಲ್ಲರೂ ಮುಟ್ಟಿ ನೋಡುತ್ತಾರೆ! ಕ್ಲಾಸಿನ ಅರ್ಧ ಜನ ಹಾಸ್ಟೆಲಿನ ಮಂಚದ ಮೇಲೆ ಕೂತು, ನಾಲ್ಕು ಬಗೆಯ ಪೆನ್ನು ಇಟ್ಟುಕೊಂಡು, ತಾವೇ ನೂರು ಜನರಾಗಿ ಉತ್ತರ ಬರೆದುಬಿಡುತ್ತಾರೆ. ನಮ್ಮ ಹುಡುಗಿ ಹಾಗೆ ಮಾಡಲಿಲ್ಲ. ಅಷ್ಟರಮಟ್ಟಿಗೆ ಪ್ರಾಮಾಣಿಕಳೇ. ಆ ಪ್ರಾಮಾಣಿಕತೆಯೇ ಕಡೆಗೆ ಕುತ್ತಿಗೆಗೆ ಬಂತು ಅನ್ನುವುದು ಬೇರೆ ಮಾತು.

ಕಂಪನಿ ಹುಡುಕಿಕೊಟ್ಟವನು ಅಪ್ಪ. ಅವನು ಇಪ್ಪತ್ತಮೂರು ವರ್ಷದಿಂದ ಒಂದೇ ಕಂಪನಿಯ ಫಿನಾಯಿಲು, ಪಾತ್ರೆ ತೊಳೆಯುವ ಸೋಪು, ಗಾಜು ಒರೆಸುವ ನೀಲಿ ನೀರು ಇವನ್ನೆಲ್ಲ ಮನೆಮನೆಗೆ ಹೋಗಿ ಮಾರುತ್ತಿದ್ದ. ಎರಡು ಬದಿಗೂ ಚೀಲ ನೇತುಹಾಕಿದ ಹಳೆಯ ಸ್ಕೂಟರು, ಹಿಂದಿನ ಸೀಟಿಗೆ ಕಟ್ಟಿದ ಪೊರಕೆಗಳು, ಅಂಗಿಯ ಜೇಬಿಗೆ ಎರಡು ಪೆನ್ನು. ಅವನು ಸುತ್ತುವ ಬೀದಿಗಳಿಗೆ ಅವನ ಭಾಷೆಯಲ್ಲಿ 'ಲೈನು' ಎಂದು ಹೆಸರು. ಆ ಲೈನಿನ ಮಕ್ಕಳ ಬಾಯಲ್ಲಿ ಅವನು ಫಿನಾಯಿಲ್ ಮಾಮ. ಮಕ್ಕಳು ಎದುರಿಗೇ ಕರೆಯುತ್ತಿದ್ದರು, ದೊಡ್ಡವರು ಹಿಂದಿನಿಂದ. ಅವನಿಗೇನೂ ಬೇಸರವಿರಲಿಲ್ಲ. ಬೇಸರ ಇದ್ದದ್ದು ಮಗಳಿಗೆ. ಆರನೇ ಕ್ಲಾಸಿನಲ್ಲಿ ಯಾರೋ ಅವಳ ಪಕ್ಕ ಕೂರುವಾಗ ಮೂಗು ಮುಚ್ಚಿಕೊಂಡಿದ್ದರು. ಅಂದಿನಿಂದ ಅವಳು ಸ್ಕೂಟರಿನಲ್ಲಿ ಶಾಲೆಯ ಗೇಟಿನ ತನಕ ಹೋಗದೆ, ಒಂದು ತಿರುವು ಮೊದಲೇ ಇಳಿಯತೊಡಗಿದಳು. ಯಾಕೆ ಅಂತ ಅಪ್ಪ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಪ್ಪನಿಗೆ ಮಗಳ ಓದು ಅಂದರೆ ಜಂಬವೋ ಜಂಬ. 'ನಾನು ಮಾರೋದು, ನನ್ನ ಮಗಳು ಮಾರ್ಕೆಟಿಂಗು. ಬಾಲ ಉದ್ದ ಆಗಿದೆ, ಅಷ್ಟೇ' ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅಮ್ಮ ಒಂದು ಲಾಂಡ್ರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಬೇರೆಯವರ ಕಲೆ ನೋಡಿ ನೋಡಿ ಅವಳ ನಾಲಿಗೆ ಹರಿತವಾಗಿತ್ತು. 'ಹೆತ್ತವರಿಗೆ ಹೆಗ್ಗಣ ಮುದ್ದು. ಮೊದಲು ಇವಳಿಗೊಂದು ಕೆಲಸ ಸಿಗ್ಲಿ, ಆಮೇಲೆ ಬಾಲದ ಮಾತು' ಎನ್ನುತ್ತಿದ್ದಳು.

ಅಪ್ಪನ ಶಿಫಾರಸಿನ ಮೇಲೆ ಅವಳು ಕಂಪನಿಯ ದೊಡ್ಡ ಆಫೀಸಿಗೆ ಹೋದಳು. ಮಾರಾಟ ವಿಭಾಗದ ಮುಖ್ಯಸ್ಥೆಯನ್ನು ಅಲ್ಲಿ ಎಲ್ಲರೂ ಬರೀ 'ಮೇಡಂ' ಎನ್ನುತ್ತಿದ್ದರು. ಮೇಡಂ ಸುತ್ತಿ ಬಳಸಿ ಮಾತಾಡುವವಳಲ್ಲ.

'ಮನೆ ಬಾಗಿಲಿಗೆ ಹೋಗಿ ಮಾರೋ ವಿಭಾಗ ಇಟ್ಕೊಳ್ಳೋದಾ, ಮುಚ್ಚೋದಾ ಅಂತ ಯೋಚನೆ ನಡೀತಿದೆ. ಜನಕ್ಕೆ ಇದು ಬೇಕಾ ಅಂತ ಕೇಳ್ಕೊಂಡು ಬನ್ನಿ. ನೂರಿಪ್ಪತ್ತು ಮನೆ ಆದ್ರೆ ಸಾಕು. ಮತ್ತೆ, ಇದು ಯಾಕೆ ಅಂತ ನಿಮ್ಮ ತಂದೆಗೆ ಹೇಳ್ಬೇಡಿ. ಹೇಳಿದ್ರೆ ನಾಳೆ ಬೆಳಿಗ್ಗೆ ಅಷ್ಟೂ ಜನ ಸ್ಕೂಟರ್ ತಗೊಂಡು ಬಂದು ಗೇಟಲ್ಲಿ ನಿಲ್ತಾರೆ.'

ಹುಡುಗಿ ತಲೆಯಾಡಿಸಿದಳು. ಅಪ್ಪನ ಲೈನು ಉಳಿಯುತ್ತದೋ ಹೋಗುತ್ತದೋ ಅನ್ನುವುದು ತನ್ನ ಕಪ್ಪು ರಟ್ಟಿನೊಳಗೆ ಬಂದು ಕೂತಿದೆ ಅಂತ ಅವಳಿಗೆ ಗೊತ್ತಾಯಿತು. ಗೊತ್ತಾದರೂ ಎದೆ ಹೊಡೆದುಕೊಳ್ಳಲಿಲ್ಲ. ಮೆಟ್ಟಿಲಿಳಿಯುವಾಗ ಬಸ್ಸು ಎಷ್ಟು ಹೊತ್ತಿಗೆ ಅಂತ ಯೋಚಿಸುತ್ತಿದ್ದಳು.

ಫಾರಂ ತಯಾರಾಯಿತು. ಹತ್ತು ಪ್ರಶ್ನೆ. ಮಾರಾಟಗಾರರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ, ಮರ್ಯಾದೆಯಿಂದ ಮಾತಾಡುತ್ತಾರೆಯೇ, ಇದೇ ಸಾಮಾನನ್ನು ಅಂಗಡಿಯಲ್ಲಿ ಕೊಳ್ಳುವುದು ನಿಮಗೆ ಎಷ್ಟು ಹಿತ, ಈ ಸೇವೆ ಮುಂದುವರಿಯುವುದು ನಿಮಗೆ ಎಷ್ಟು ಬೇಕು, ಇಂಥವು. ಪ್ರತಿ ಪ್ರಶ್ನೆಯ ಮುಂದೆ ಒಂದರಿಂದ ಐದರವರೆಗೆ ಅಂಕಿ. ಒಂದು ಅಂದರೆ ಸ್ವಲ್ಪವೂ ಇಲ್ಲ, ಐದು ಅಂದರೆ ಪೂರ್ತಿ ಹೌದು. ಈ ವಿವರಣೆ ಮಾತ್ರ ಫಾರಂನಲ್ಲಿರಲಿಲ್ಲ, ಬೇರೆ ಹಾಳೆಯಲ್ಲಿತ್ತು. ಅದು ಕಾಲೇಜಿನ ಗೈಡ್ ಮಹಾಶಯರ ಅಪ್ಪಣೆ. ಅವರು ಪ್ರತಿ ಮಾತನ್ನೂ 'ಆದ್ದರಿಂದ' ಎಂದೇ ಶುರುಮಾಡುತ್ತಿದ್ದರು. ಹುಡುಗರೆಲ್ಲ ಅವರನ್ನು ಆದ್ದರಿಂದ ಸರ್ ಎಂದೇ ಕರೆಯುತ್ತಿದ್ದರು. 'ಆದ್ದರಿಂದ ಸೂಚನೆ ಬೇರೆ, ಪ್ರಶ್ನೆ ಬೇರೆ. ಕೇಳೋಕೆ ಹೋದವರು ಸೂಚನೆ ಓದಿ ಹೇಳಬೇಕು. ಅದೇ ಪದ್ಧತಿ' ಎಂದಿದ್ದರು.

ಅವಳು ಎರಡು ದಿನ ಬೀದಿ ಅಲೆದಳು. ಗುರುತಿಲ್ಲದ ಹುಡುಗಿ ಕೈಯಲ್ಲಿ ಹಾಳೆ ಹಿಡಿದು ಬೆಲ್ ಒತ್ತಿದರೆ ಯಾರು ಬಾಗಿಲು ತೆಗೆಯುತ್ತಾರೆ? ಒಂದು ಮನೆಯಲ್ಲಿ ಕಿಟಕಿಯ ಪರದೆ ಅಲ್ಲಾಡಿತು, ಬಾಗಿಲು ಅಲ್ಲಾಡಲಿಲ್ಲ. ಇನ್ನೊಂದರಲ್ಲಿ ಬಾಗಿಲ ಹಿಂದಿನಿಂದಲೇ 'ಯಜಮಾನ್ರು ಇಲ್ಲ' ಎಂದು ಯಜಮಾನರದೇ ದನಿ ಬಂತು. ಮತ್ತೊಂದರಲ್ಲಿ ನಾಯಿ ಮಾತ್ರ ಆಸಕ್ತಿ ತೋರಿಸಿತು. ಎರಡು ದಿನಕ್ಕೆ ಸಿಕ್ಕಿದ್ದು ಮೂರು ಫಾರಂ. ಮನೆಗೆ ಬಂದು ಚಪ್ಪಲಿ ಬಿಟ್ಟವಳು ಉಳಿದ ಕಟ್ಟನ್ನು ಮೇಜಿನ ಮೇಲೆ ಹಾಕಿ, ಹನ್ನೆರಡನೆಯ ಕಂಪನಿಗೆ ಅರ್ಜಿ ತುಂಬಲು ಕೂತಳು.

'ಎಷ್ಟಾಯ್ತು?' ಎಂದ ಅಪ್ಪ.

'ಮೂರು.'

'ಎರಡು ದಿನಕ್ಕೆ ಮೂರಾ! ಕೊಡು ಇಲ್ಲಿ. ನನ್ನ ಲೈನಲ್ಲಿ ಮಾಡಿಸ್ಕೊಂಡು ಬರ್ತೀನಿ. ನಾನು ಬೆಲ್ ಒತ್ತಿದ್ರೆ ಬಾಗಿಲು ತೆಗೀದೆ ಇರೋ ಮನೆ ಯಾವುದಿದೆ ತೋರ್ಸು.'

ಮಾರುವವನೇ ಹೋಗಿ 'ನನ್ನ ಬಗ್ಗೆ ಏನನ್ನಿಸುತ್ತೆ' ಅಂತ ಕೇಳಬಾರದು. ಅವಳ ಪುಸ್ತಕದಲ್ಲಿ ಅದರ ಮೇಲೆ ಒಂದು ಇಡೀ ಅಧ್ಯಾಯವಿದೆ, ಅದರಲ್ಲಿ ಅವಳಿಗೆ ಒಳ್ಳೆಯ ಅಂಕವೂ ಬಂದಿತ್ತು. ಆದರೆ ಬೇಡ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕು. ಹೇಳಬೇಕಾದರೆ ಬಾಯಿ ತೆಗೆಯಬೇಕು. ಅವಳು ಕಟ್ಟನ್ನು ಅಪ್ಪನ ಕಡೆಗೆ ತಳ್ಳಿದಳು.

ಅಪ್ಪ ಕನ್ನಡಕ ಹಾಕಿಕೊಂಡು ಒಂದು ಫಾರಂ ಎತ್ತಿ ಬೆಳಕಿಗೆ ಹಿಡಿದ. 'ಇದೇನು ಮರಿ, ಒಂದು ಎರಡು ಮೂರು ನಾಲ್ಕು ಐದು?'

'ರ‍್ಯಾಂಕ್ ಅಪ್ಪಾ' ಎಂದಳು ಪರದೆಯಿಂದ ಕಣ್ಣು ತೆಗೆಯದೆ. 'ಅವರಿಗೆ ಅನ್ನಿಸಿದ್ದಕ್ಕೆ ಸುತ್ತು ಹಾಕಿದ್ರೆ ಆಯ್ತು.'

'ಓಹೋ, ರ‍್ಯಾಂಕಾ!' ಎಂದು ಅಪ್ಪ ಬಹಳ ಖುಷಿಯಾಗಿ ಕಟ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡ.

ಮೂರು ವಾರ ಹಿಡಿಯಿತು. ದಿನಾ ಸಂಜೆ ಆರೋ ಎಂಟೋ ಫಾರಂ ತಂದು ಅವಳ ಮೇಜಿನ ಮೇಲೆ ಇಡುತ್ತಿದ್ದ. ಅವಳು ನೋಡದೆ ಡ್ರಾಯರಿಗೆ ಹಾಕುತ್ತಿದ್ದಳು. ಹನ್ನೆರಡನೆಯ ಕಂಪನಿಯೂ 'ತಿಳಿಸ್ತೀವಿ' ಎಂದಿತು. ಒಂದು ಶನಿವಾರ ಮಧ್ಯಾಹ್ನ, ಕ್ಲಾಸಿನವರೆಲ್ಲ ಬೈಂಡಿಂಗಿಗೆ ಕೊಟ್ಟರು ಅಂತ ಕೇಳಿದ ಮೇಲೆ, ಅವಳು ಡ್ರಾಯರು ಎಳೆದು ಅಂಕಿಗಳನ್ನು ಕಂಪ್ಯೂಟರಿಗೆ ತುಂಬಲು ಕೂತಳು.

ಹೊತ್ತಿಗೆ ಬರುತ್ತಾರೆಯೇ, ಒಂದು. ಮರ್ಯಾದೆ, ಒಂದು. ಸಾಮಾನಿನ ಬಗ್ಗೆ ತಿಳಿವಳಿಕೆ, ಒಂದು. ಅಂಗಡಿಯಲ್ಲಿ ಕೊಳ್ಳುವುದು, ಐದು. ಸೇವೆ ಮುಂದುವರಿಯಬೇಕೆ, ಒಂದು. ಮುಂದಿನ ಫಾರಂ, ಒಂದು, ಒಂದು, ಒಂದು, ಐದು, ಒಂದು. ಇಪ್ಪತ್ತನೆಯ ಫಾರಂ ಹೊತ್ತಿಗೆ ಬೆರಳು ತಾನಾಗಿಯೇ ಒಂದರ ಮೇಲೆ ಹೋಗುತ್ತಿತ್ತು. ಅಪ್ಪ ತಂದ ನೂರ ಹದಿನೇಳು ಮನೆಗಳಲ್ಲಿ ನೂರ ಒಂಬತ್ತು ಮನೆಗಳು ಹಾಗೆಯೇ. ಉಳಿದ ಎಂಟು ಅಲ್ಲೊಂದು ಇಲ್ಲೊಂದು ಕಡೆ ಎರಡು ಕೊಟ್ಟಿದ್ದವು. ಅವಳೇ ತಂದ ಮೂರು ಫಾರಂಗಳಲ್ಲಿ ಮಾತ್ರ ಮೂರು, ನಾಲ್ಕು ಎಂದು ಏನೇನೋ ಇತ್ತು. ಅಪ್ಪ ತಂದ ಒಂದು ಫಾರಂನ ಕೆಳಗೆ 'ಇನ್ನೂ ಬೇಗ ಬೇಗ ಬರಲಿ' ಎಂದು ಯಾರೋ ಬರೆದಿದ್ದರು. ತಡವಾಗಿ ಬರುತ್ತಾನೆ ಅನ್ನುವ ದೂರು ಅಂದುಕೊಂಡಳು.

ಅಲ್ಲ, ನೂರ ಒಂಬತ್ತು ಮನೆ! ಇನ್ಯಾರಾದರೂ ಆಗಿದ್ದರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅವಳು ನಿಲ್ಲಲಿಲ್ಲ. 'ಹೌದಲ್ಲ' ಅನ್ನಿಸಿತು ಅವಳಿಗೆ, ಅಷ್ಟೇ. ಮಧ್ಯಾಹ್ನ ನಿದ್ದೆ ಹತ್ತುವ ಹೊತ್ತಿಗೆ ಬೆಲ್ ಒತ್ತುವವನನ್ನು, ಬೇಡ ಅಂದರೂ ಇನ್ನೊಂದು ಬಾಟಲಿ ತೋರಿಸುವವನನ್ನು, ವಾಸನೆ ಹೊತ್ತು ವರಾಂಡಕ್ಕೆ ಬರುವವನನ್ನು ಜನ ಯಾಕೆ ಇಷ್ಟಪಡಬೇಕು? ಎದುರಿಗೆ ನಗುತ್ತಾರೆ, ಹಾಳೆ ಕೊಟ್ಟರೆ ನಿಜ ಬರೆಯುತ್ತಾರೆ. ಅಪ್ಪ ಅಲ್ಲೇ ಪೆನ್ನು ಹಿಡಿದು ನಿಂತು, ಸಂಕೋಚಕ್ಕೆ ಬೇರೆ ಕಡೆ ನೋಡುತ್ತಿದ್ದಿರಬೇಕು ಅಂತ ಊಹಿಸಿದಳು. ಆ ಚಿತ್ರ ಕಣ್ಣಿಗೆ ಬಂದಾಗ ಮಾತ್ರ ಅಯ್ಯೋ ಪಾಪ ಅನ್ನಿಸಿತು.

ತಿದ್ದಿಬಿಡಬಹುದಿತ್ತು. ಒಂದುಗಳನ್ನೆಲ್ಲ ನಾಲ್ಕು ಮಾಡಲು ಕಂಪ್ಯೂಟರಿನಲ್ಲಿ ಎರಡು ನಿಮಿಷದ ಕೆಲಸ. ಅಪ್ಪನ ಲೈನು ಉಳಿಯುತ್ತಿತ್ತು. ಅವಳು ಒಂದು ಗಂಟೆ ಪರದೆ ನೋಡುತ್ತ ಕೂತಳು. ಸುಳ್ಳು ಬೇಡ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನೂ ಹೇಳಿಬಿಡಬೇಕು. ತಿದ್ದುವುದಕ್ಕೂ ಒಂದು ಹುರುಪು ಬೇಕು, ಅದು ಅವಳಲ್ಲಿ ಇರಲಿಲ್ಲ. 'ಗ್ರಾಹಕರು ಮನೆ ಬಾಗಿಲ ಮಾರಾಟದ ಬಗ್ಗೆ ತೀವ್ರ ಅತೃಪ್ತಿ ಹೊಂದಿದ್ದಾರೆ' ಎಂದು ಬರೆದು ಮುಗಿಸಿದಳು.

'ಹೇಗಿದೆ ರಿಸಲ್ಟು?' ಎಂದು ಅಪ್ಪ ದಿನಾ ಕೇಳುತ್ತಿದ್ದ.

'ಇನ್ನೂ ಆಗಿಲ್ಲ ಅಪ್ಪಾ' ಎನ್ನುತ್ತಿದ್ದಳು.

ಆಮೇಲಿಂದ ಅವಳು ಅಪ್ಪನ ಮೇಲೆ ಎಲ್ಲಿಲ್ಲದ ಅಕ್ಕರೆ ತೋರಿಸತೊಡಗಿದಳು. ಬಂದ ತಕ್ಷಣ ನೀರು ಕೊಡುವುದೇನು, ಅಂಗಿ ಇಸ್ತ್ರಿ ಮಾಡಿಡುವುದೇನು! ಬೆಳಿಗ್ಗೆ ಅವನು ಸ್ಕೂಟರಿಗೆ ಚೀಲ ಕಟ್ಟುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇವನನ್ನು ಯಾರೂ ಬಯಸುವುದಿಲ್ಲ, ಪಾಪ, ಇವನಿಗೇ ಗೊತ್ತಿಲ್ಲ ಅಂತ ಒಳಗೇ ಮರುಗುತ್ತಿದ್ದಳು. 'ಏನಿದು ಮಹಾರಾಣಿಯವರ ಹೊಸ ಭಕ್ತಿ?' ಎಂದು ಅಮ್ಮ ಕೇಳಿದರೆ ಲೋಟ ತೊಳೆಯಲು ಒಳಗೆ ಹೋಗುತ್ತಿದ್ದಳು. ಅಪ್ಪ ಮಾತ್ರ ಮಗಳು ದೊಡ್ಡವಳಾದಳು ಅಂದುಕೊಂಡ.

ವೈವಾದಲ್ಲಿ ಆದ್ದರಿಂದ ಸರ್ ಪುಟ ತಿರುವಿ ಹುಬ್ಬೇರಿಸಿದರು. 'ಆದ್ದರಿಂದ ಇಷ್ಟು ಸ್ಪಷ್ಟವಾದ ರಿಸಲ್ಟ್ ನನ್ನ ಸರ್ವೀಸಲ್ಲೇ ನೋಡಿಲ್ಲ. ಮನೆಮನೆಗೆ ಹೋಗಿ ಕೇಳಿದ್ದು ಯಾರು?'

'ನಾನೇ ಸರ್' ಎಂದಳು. ನಾಲಿಗೆ ತೊದಲಲೂ ಇಲ್ಲ.

ಕಂಪನಿಗೆ ಒಂದು ಪ್ರತಿ ಕೊಡಲು ಹೋದಾಗ ಮೇಡಂ ಕೊನೆಯ ಎರಡು ಪುಟ ಮಾತ್ರ ಓದಿದಳು. ಓದಿ, ರಿಪೋರ್ಟು ಮುಚ್ಚಿ, ಅವಳನ್ನೇ ನೋಡಿದಳು. 'ನಿಮ್ಮ ತಂದೆ ಇದೇ ವಿಭಾಗದಲ್ಲಿದ್ದಾರೆ. ಆದ್ರೂ ಹೀಗೆ ಬರೆದಿದ್ದೀರಿ. ಯಥಾರ್ಥವಾದಿ ಲೋಕವಿರೋಧಿ ಅಂತಾರೆ. ನಮಗೆ ಬೇಕಾಗಿರೋದೇ ಅಂಥವರು. ಒಂದನೇ ತಾರೀಖು ಬಂದು ಸೇರ್ಕೊಳ್ಳಿ.' ಹನ್ನೆರಡು ಕಡೆ ಹಲ್ಲುಗಿಂಜಿದರೂ ಸಿಗದ ಕೆಲಸ, ಅಪ್ಪನ ವಿರುದ್ಧ ಎರಡು ಪುಟ ಬರೆದದ್ದಕ್ಕೆ ಸಿಕ್ಕಿತು.

ಅಪ್ಪನ ಸಂಭ್ರಮ ಕೇಳಬೇಡಿ. ಕಾಲು ನೆಲದ ಮೇಲಿರಲಿಲ್ಲ. 'ನನ್ನ ಮಗಳು ನಮ್ಮ ಹೆಡ್ ಆಫೀಸಲ್ಲೇ, ಮೂರನೇ ಮಹಡೀಲಿ' ಎಂದು ಲೈನಿನ ಅಷ್ಟೂ ಮನೆಗೆ ಹೇಳಿಬಂದ. ಮೊದಲ ದಿನ ಅವನೇ ಸ್ಕೂಟರಿನಲ್ಲಿ ಬಿಟ್ಟುಬರುತ್ತೇನೆಂದ, ಅವಳು ಹೂಂ ಎಂದಳು. ಆಫೀಸಿನ ಗೇಟಿನ ತನಕವೂ ಕೂತು ಹೋದಳು, ಪಾಪದವನಿಗೆ ಅಷ್ಟಾದರೂ ಇರಲಿ ಅಂತ.

ಮೂರನೇ ಮಹಡಿಯಲ್ಲಿ ಅವಳ ಜಾಗ ಪ್ರಿಂಟರಿನ ಪಕ್ಕ. ಕುರ್ಚಿಯ ಐದು ಗಾಲಿಗಳಲ್ಲಿ ಒಂದು ತಿರುಗುತ್ತಿರಲಿಲ್ಲ. ತಲೆಯ ಮೇಲೆ ಸರಿಯಾಗಿ ಎಸಿಯ ಗಾಳಿ. ಯಾವ ಅಂಗಡಿಯಲ್ಲಿ ಯಾವ ಬಾಟಲಿ ಎಷ್ಟು ಹೋಯಿತು ಅಂತ ವಾರಕ್ಕೊಂದು ಪಟ್ಟಿ ಮಾಡುವುದು ಕೆಲಸ. ಅವಳು ಪಟ್ಟಿ ಮಾಡಿದಳು. ಮೀಟಿಂಗಿಗೆ ಕರೆದರೆ ಹೋಗಿ ಕೂತಳು. ಬೇರೆಯವರು ನಕ್ಕಾಗ ಒಂದು ಕ್ಷಣ ತಡವಾಗಿ ನಕ್ಕಳು. ಮಧ್ಯಾಹ್ನ ಡಬ್ಬಿ ಬಿಚ್ಚಿ, ಮುಚ್ಚಿದ ಮೇಲೆ ಏನು ತಿಂದೆ ಅಂತ ಕೇಳಿದರೆ ಹೇಳಲಾಗುತ್ತಿರಲಿಲ್ಲ. ಹೊಸಬಳು ಬಹಳ ಶಿಸ್ತಿನವಳು ಅಂತ ಹೆಸರು ಬಂತು. ಹೀಗೆ ಎರಡು ತಿಂಗಳು ಕಳೆದವು.

ಅಷ್ಟರಲ್ಲಿ ಕಾಗದ ಬಂತು. ಮನೆ ಬಾಗಿಲ ಮಾರಾಟ ವಿಭಾಗವನ್ನು ಈ ತಿಂಗಳ ಕೊನೆಗೆ ಮುಚ್ಚಲಾಗುತ್ತದೆ, ಇಷ್ಟು ವರ್ಷದ ಸೇವೆಗೆ ಧನ್ಯವಾದ. ಅದೊಂದು ಭಾನುವಾರ, ಊಟ ಮುಗಿದಿತ್ತು. ಅಪ್ಪ ಕಾಗದವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಅವಳ ಎದುರು ಬಂದು ಕೂತ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅದನ್ನು ನೋಡಿ ಅವಳಿಗೇ ಆಶ್ಚರ್ಯವಾಯಿತು.

'ಮೇಲೆ ಕೂತವರಿಗೆ ಕೆಳಗಿಂದು ಗೊತ್ತಾಗಲ್ಲ ಮರಿ. ನೀನು ಒಂದು ಕೆಲಸ ಮಾಡು. ನಾಳೆ ನಿನ್ನ ರಿಪೋರ್ಟು ಮೇಡಂಗೆ ತೋರ್ಸು.'

'ಅದರಲ್ಲಿ ಏನಿದೆ ಅಂತ ತೋರಿಸ್ಲಿ ಅಪ್ಪಾ?'

'ಏನಿದೆ ಅಂದ್ರೆ? ಎಲ್ಲಾ ಮನೆಯವರೂ ನನಗೆ ಒಂದು ಕೊಟ್ಟಿದ್ದಾರೆ! ನಾನೇ ಒಂದೊಂದು ಫಾರಂ ನೋಡಿದ್ದೀನಿ. ನನ್ನ ಮಗಳ ಪರೀಕ್ಷೆಗೆ ಬೇಕು, ಒಂದು ಅಂದ್ರೆ ಫಸ್ಟ್ ರ‍್ಯಾಂಕು, ನಿಮಗೆ ಅನ್ನಿಸಿದ್ದು ಕೊಡಿ ಅಂದೆ. ಫಸ್ಟ್ ಬಿಟ್ಟು ಇನ್ನೇನು ಕೊಡೋದು ಮಾಮ ಅಂದ್ರು. ಎಲ್ಲೋ ಏಳೆಂಟು ಜನ ಒಂದೊಂದು ಕಡೆ ಎರಡು ಹಾಕಿದ್ರು, ಹಸಿರು ಗೇಟಿನ ಟೀಚರಮ್ಮನೂ ಹಾಕಿದ್ರು. ಯಾಕಮ್ಮಾ ನನಗೆ ಸೆಕೆಂಡ್ ಕ್ಲಾಸು ಅಂತ ಕೇಳಿದ್ದಕ್ಕೆ, ನೀವು ವಾರಕ್ಕೊಂದೇ ಸಲ ಬರ್ತೀರಲ್ಲ ಅದಕ್ಕೆ, ಅಂದು ನಕ್ಕರು. ಅಂಗಡಿಗೆ ಮಾತ್ರ ಎಲ್ರೂ ಕಡೇ ರ‍್ಯಾಂಕು!' ಎಂದು ಅಪ್ಪ ತೊಡೆ ತಟ್ಟಿಕೊಂಡ. 'ಇದನ್ನ ನೋಡಿದ ಮೇಲೂ ಮುಚ್ತಾರಾ? ಹೇಳು.'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಹೇಳಬೇಕಾಗಿದ್ದ ಮಾತು ರೇಟಿಂಗ್. ಹೇಳಿದ್ದು ರ‍್ಯಾಂಕ್. ರೇಟಿಂಗಿನಲ್ಲಿ ಒಂದು ಎಲ್ಲಕ್ಕಿಂತ ಕೆಳಗೆ, ರ‍್ಯಾಂಕಿನಲ್ಲಿ ಒಂದು ಎಲ್ಲಕ್ಕಿಂತ ಮೇಲೆ. ಎರಡು ವರ್ಷ ಓದಿದವಳು ಪರದೆಯಿಂದ ಕಣ್ಣು ತೆಗೆಯದೆ ಆಡಿದ ಒಂದು ಮಾತಿಗೆ, ನೂರ ಹದಿನೇಳು ಮನೆಯವರ ಪ್ರೀತಿ ತಲೆಕೆಳಗಾಗಿ ಕಪ್ಪು ರಟ್ಟಿನೊಳಗೆ ಸೇರಿತ್ತು. 'ತೋರಿಸ್ತೀನಿ' ಎಂದಷ್ಟೇ ಹೇಳಿ ಎದ್ದಳು.

ಸೋಮವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮನೆಗಳಿಗೆ ಹೋದವಳು ತಾನಲ್ಲ. ಸೂಚನೆಯ ಹಾಳೆ ಕೊಡಲಿಲ್ಲ. ರ‍್ಯಾಂಕ್ ಎಂದೆ. ಅಂಕಿ ಎಲ್ಲಾ ಉಲ್ಟಾ. ಜನಕ್ಕೆ ಆ ಸೇವೆ ಬೇಕು, ಬಹಳ ಬೇಕು. ತಪ್ಪು ತನ್ನದು ಅಂತ ಬರೆದುಕೊಡುತ್ತೇನೆ, ವಿಭಾಗ ಮುಚ್ಚಬೇಡಿ.

ಮೇಡಂ ಎದ್ದು ಬಾಗಿಲು ಹಾಕಿ ಬಂದು ಕೂತಳು.

'ಒಂದು ಮಾತು ಹೇಳ್ತೀನಿ, ಈ ಕೋಣೆ ದಾಟಬಾರದು. ಮುಚ್ಚೋದು ಅಂತ ನೀವು ಸರ್ವೆ ಶುರುಮಾಡೋಕೆ ಮೊದಲೇ ತೀರ್ಮಾನ ಆಗಿತ್ತು. ಫೈಲಿಗೆ ಒಂದು ರಿಪೋರ್ಟ್ ಬೇಕಾಗಿತ್ತು, ಅಷ್ಟೇ. ಕುರಿ ಕೇಳಿ ಮಸಾಲೆ ಅರೀತಾರೇನ್ರೀ?'

'ರಿಪೋರ್ಟು ಸರಿಯಾಗಿ ಬಂದಿದ್ರೆ, ಮೇಡಂ?'

'ಇನ್ನೊಬ್ಬ ಸ್ಟೂಡೆಂಟ್ ಹತ್ರ ಇನ್ನೊಂದು ಮಾಡಿಸ್ತಿದ್ವಿ.' ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. 'ನೀವು ಬರೆದುಕೊಟ್ರೆ ನಿಮ್ಮ ಡಿಗ್ರಿಗೂ ಕುತ್ತು, ಕೆಲಸಕ್ಕೂ ಕುತ್ತು. ನಿಮ್ಮ ತಂದೆ ಕೆಲಸ ಅದರಿಂದ ವಾಪಸ್ ಬರಲ್ಲ. ಮನೇಲಿ ನಿಮ್ಮ ಸಂಬಳನಾದ್ರೂ ಇರ್ಲಿ. ಹೋಗಿ, ವಾರದ ಪಟ್ಟಿ ಇವತ್ತು ಮೂರು ಗಂಟೆಗೆ ಬೇಕು.'

ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಬಿಳಿ ಹಾಳೆ ಒಂದು ತೆಗೆದಳು, ಮೇಲೆ ತಾರೀಖು ಬರೆದಳು, ಮುಂದೆ ಬರೆಯಲಿಲ್ಲ. ಮೂರು ಗಂಟೆಗೆ ಪಟ್ಟಿ ಕೊಟ್ಟಳು. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಸಂಜೆ ಆರೂಕಾಲಿಗೆ ಮನೆ ತಲುಪಿದಾಗ ಅಪ್ಪ ವರಾಂಡದಲ್ಲಿ ಕಾಯುತ್ತಿದ್ದ. ಅಮ್ಮನೂ ಆಗಷ್ಟೇ ಲಾಂಡ್ರಿಯಿಂದ ಬಂದು, ಕಾಲು ಚಾಚಿ ಟೀ ಕುಡಿಯುತ್ತಿದ್ದಳು. ದಾರಿಯುದ್ದಕ್ಕೂ ಅವಳು ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದಳು. 'ತೋರಿಸಿದೆ ಅಪ್ಪಾ, ಆದರೂ ಆಗಲ್ಲ ಅಂದ್ರು.' ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಪ್ಪ ಕಂಪನಿಯವರನ್ನು ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ.

'ತೋರ್ಸಿದ್ಯಾ? ಏನಂದ್ರು?' ಎಂದು ಅವನು ಕುರ್ಚಿಯ ತುದಿಗೆ ಬಂದ ರೀತಿ ನೋಡಿ ಅವಳಿಂದ ಆಗಲಿಲ್ಲ. ಮೊದಲಿಂದ ಕಡೆಯವರೆಗೆ ಎಲ್ಲ ಹೇಳಿಬಿಟ್ಟಳು. ಮೇಡಂ ಮೊದಲ ದಿನ ಹೇಳಿದ್ದು, ರ‍್ಯಾಂಕು, ರೇಟಿಂಗು, ತೀವ್ರ ಅತೃಪ್ತಿ, ತನಗೆ ಕೆಲಸ ಸಿಕ್ಕಿದ್ದು ಹೇಗೆ ಅನ್ನುವುದು, ಇವತ್ತು ಮುಚ್ಚಿದ ಬಾಗಿಲ ಹಿಂದೆ ಮೇಡಂ ಆಡಿದ ಮಾತು.

ಅಪ್ಪ ಬಾಯಿ ತೆರೆದು ಕೇಳುತ್ತಿದ್ದವನು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. 'ಅಯ್ಯಯ್ಯೋ! ಹಾಗಾದ್ರೆ ಟೀಚರಮ್ಮನ ಕಾಡಿಸಿ ಆ ಎರಡನ್ನ ಒಂದು ಮಾಡಿಸಿದ್ದಿದ್ರೆ, ನಾನೇ ಇನ್ನೂ ಕೆಳಗೆ ಇಳೀತಿದ್ದೆ ಅನ್ನು!'

'ತಂದೆಗೆ ತಕ್ಕ ಮಗಳು' ಎಂದು ಅಮ್ಮನೂ ನಕ್ಕಳು. 'ಇಬ್ರೂ ಸೇರಿ ಇಪ್ಪತ್ತಮೂರು ವರ್ಷದ ಹೊಟ್ಟೆಪಾಡಿಗೆ ಫಿನಾಯಿಲ್ ಹಾಕಿ ತೊಳೆದ್ರಿ.'

'ಹೋಗ್ಲಿ ಬಿಡು ಮರಿ, ಅಳಬೇಡ' ಎಂದ ಅಪ್ಪ, ಅವಳು ಅಳದಿದ್ದರೂ. 'ಅವರು ಹೆಂಗಿದ್ರೂ ಮುಚ್ತಿದ್ರಂತಲ್ಲ. ನೀನೇನು ಮಾಡ್ತೀಯ. ನನಗೆ ಕೈಕಾಲು ಗಟ್ಟಿ ಇದೆ. ಬೇರೆ ಕಂಪನಿ ಬಾಟಲಿ ತಗೊಂಡು ಅದೇ ಬೀದಿಗೆ ಹೋದ್ರೆ ಬೇಡ ಅಂತಾರಾ?' ಹೀಗೆ ಹೇಳುತ್ತ ಹೇಳುತ್ತ ಅವನ ನಗು ನಿಧಾನವಾಯಿತು. ಏನೋ ಲೆಕ್ಕ ಹಾಕುವವನ ಹಾಗೆ ಬೆರಳು ಮಡಿಸಿದ.

'ಅಲ್ಲ, ನೀನು ಆ ರಿಪೋರ್ಟು ಬರೆದು ಎಷ್ಟು ದಿನ ಆಯ್ತು?'

'ನಾಲ್ಕು ತಿಂಗಳು.'

'ಈ ನಾಲ್ಕು ತಿಂಗಳೂ, ಅಷ್ಟೂ ಮನೆಯವರು ನನ್ನ ಬೇಡ ಅಂದ್ರು ಅಂತಾನೇ ಅಂದ್ಕೊಂಡಿದ್ಯಾ?'

ಅವಳು ತಲೆ ತಗ್ಗಿಸಿದಳು. ನೀರಿನ ಲೋಟ, ಇಸ್ತ್ರಿ ಅಂಗಿ, ಬಾಗಿಲಲ್ಲಿ ನಿಂತು ನೋಡಿದ್ದು ಎಲ್ಲ ಅಪ್ಪನಿಗೆ ಈಗ ಅರ್ಥವಾಗುತ್ತಿದೆ ಅಂತ ಅವನ ಮುಖ ನೋಡದೆಯೂ ಗೊತ್ತಾಯಿತು.

'ಏನಪ್ಪಾ ಹಿಂಗಿದೆ ಅಂತ ಒಂದ್ಸಲ ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?'

'ಇಲ್ಲ.'

'ಅನುಮಾನಾನೂ ಬರ್ಲಿಲ್ವಾ ಮರಿ?'

ಬಂತು ಅನ್ನಬಹುದಿತ್ತು. ಆ ಒಂದು ಸುಳ್ಳಿಗೆ ಯಾವ ದೇವರೂ ಶಾಪ ಕೊಡುತ್ತಿರಲಿಲ್ಲ.

'ಇಲ್ಲಪ್ಪಾ' ಎಂದಳು.

ಅಮ್ಮ ಲೋಟ ನೆಲಕ್ಕಿಟ್ಟ ಸದ್ದಾಯಿತು. ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಳ್ಳಲಿಲ್ಲ.

'ಕಂಪನಿಯವರು ನಂಬಿದ್ರೆ ನಂಬ್ಲಿ' ಎಂದ. 'ಅವರು ನನ್ನ ಒಂದಿನಾನೂ ನೋಡಿಲ್ಲ.'

ಅಷ್ಟು ಹೇಳಿ ಎದ್ದು ಒಳಗೆ ಹೋದ. ಅವಳು ವರಾಂಡದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎಷ್ಟೋ ತಿಂಗಳಿಂದ ಯಾವುದಕ್ಕೂ ಅಳದಿದ್ದವಳು, ಅಮ್ಮ ಬಂದು ಹೆಗಲು ಹಿಡಿದು ಅಲ್ಲಾಡಿಸಿದರೂ ನಿಲ್ಲಿಸಲಾಗದೆ ಅತ್ತಳು. ಒಳಗಿನಿಂದ ಅಪ್ಪ ಸಮಾಧಾನ ಮಾಡಲು ಬರುತ್ತಾನೆ ಅಂತ ಇಬ್ಬರೂ ಕಾದರು. ಅವತ್ತು ಅವನು ಬರಲಿಲ್ಲ.